ನಾಲ್ಕೇ ಮೈಕುಗಳಿದ್ದ ಕಾರಣ

ಮಾನ್ಯ ಪ್ರಾಂಶುಪಾಲರೇ,

ವಾರ್ಷಿಕೋತ್ಸವದಲ್ಲಿ ನಿಮ್ಮ ಶಾಲೆಯ ಐದು ಹುಡುಗಿಯರು ಕೂಡಿ ಹಾಡಬೇಕಿದ್ದ ಹಾಡಿನಿಂದ ನೀವು ಒಬ್ಬಳನ್ನು ತೆಗೆದಿರಿ. ಹಾಡು ಕೆಟ್ಟಿತು. ಕೆಟ್ಟದ್ದಕ್ಕೆ ಉಳಿದ ನಾಲ್ವರನ್ನು ಬೈದು ತಂಡವನ್ನೇ ಮುಚ್ಚಿದಿರಿ. ನೀವು ತೆಗೆದದ್ದು ನನ್ನ ಮಗಳು ತೃಷಾಳನ್ನು. ಈ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಇಮೇಲ್ ಬರೆದೆ. ಮೂರಕ್ಕೂ ‘ತಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ’ ಎಂಬ ಒಂದೇ ಸಾಲು ಬಂತು. ನೀವೂ ಉಡುಪಿ ಕಡೆಯವರೆಂದು ಕೇಳಿದ್ದೇನೆ. ಅದಕ್ಕೇ ಇಲ್ಲಿ ಕುವೈತಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಗಮನಿಸುವುದಕ್ಕಿಂತ ಹೆಚ್ಚಿನದೇನಾದರೂ ಈ ಭಾಷೆಯಲ್ಲಿ ತಮಗೆ ಸಾಧ್ಯವಾದೀತೇ ಎಂಬ ಆಸೆ.

ನಾನು ಸಂಗೀತ ಬಲ್ಲವನಲ್ಲ, ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಅಬು ಹಲೀಫಾದ ಫ್ಲ್ಯಾಟಿನಲ್ಲಿ ನಾವಿಬ್ಬರೇ ಇರುವುದು. ಮೂರು ವರ್ಷದ ಹಿಂದೆ ನನ್ನ ಹೆಂಡತಿ ಪುಷ್ಪಾವತಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತು ನಿಂತೇ ಹೋಯಿತು. ನಾನು ಕನ್ನಡದಲ್ಲಿ ಏನಾದರೂ ಕೇಳುವುದು, ಮಗಳು ಇಂಗ್ಲಿಷಿನಲ್ಲಿ ಒಂದು ಶಬ್ದದ ಉತ್ತರ ಕೊಡುವುದು, ಮತ್ತೆ ಏಸಿಯ ಸದ್ದು. ಹೀಗಿರುವಾಗ ಕಳೆದ ವರ್ಷ ಅವಳು ಶಾಲೆಯ ಗಾಯನ ತಂಡ ಸೇರಿದಳು. ಜಾಝ್ ಹಾಡುಗಳು, ಪಾಪ್ ಹಾಡುಗಳು. ಪಕ್ಕವಾದ್ಯ ಒಂದೂ ಇಲ್ಲ, ಐದು ಕಂಠಗಳೇ ಎಲ್ಲ. ಸಂಜೆ ಪಾತ್ರೆ ತೊಳೆಯುತ್ತಾ ಅವಳು ಅಭ್ಯಾಸ ಮಾಡುತ್ತಿದ್ದಳು.

“ಎಂತ ಮಗಾ ಇದು? ಹಾಡು ಅಂತ ಹೇಳಿ ಬರೀ ಡೂಮ್ ಡೂಮ್ ಹೇಳ್ತಾ ಇದ್ದೀಯಲ್ಲ?” ಎಂದೆ ಒಂದು ದಿನ.

“ದಟ್ಸ್ ಮೈ ಪಾರ್ಟ್, ಪಪ್ಪಾ. ಟ್ಯೂನ್ ಲೊರೈನ್ ಹತ್ರ ಉಂಟು.”

“ಹಾಗಾದ್ರೆ ನಿನ್ನ ಹತ್ರ ಎಂತ ಉಂಟು?” ಎಂದು ನಕ್ಕುಬಿಟ್ಟೆ. ಅವಳು ನಲ್ಲಿ ಜೋರಾಗಿ ತಿರುಗಿಸಿದಳು. ಆದ್ದರಿಂದ ಮೇಡಂ, ಈ ವಿಷಯದಲ್ಲಿ ನೀವೇ ಮೊದಲ ಕಿವುಡರೆಂದು ನಾನು ಆರೋಪಿಸುವುದಿಲ್ಲ. ಆ ಗೌರವ ನನ್ನದು.

ಒಂದು ಮಂಗಳವಾರ ಅವಳನ್ನು ಕರೆತರಲು ಬೇಗ ಬಂದವನು ಸಂಗೀತದ ಕೋಣೆಯ ಹೊರಗೆ ನಿಂತೆ. ಒಳಗೆ ಐವರೂ ಹಾಡುತ್ತಿದ್ದರು. ಮೇಲೆ ಲೊರೈನ್‌ಳ ದನಿ, ನಡುವೆ ಮೂವರದು, ತಳದಲ್ಲಿ ನಾನು ಕೇಳಿ ಬೇಸತ್ತಿದ್ದ ಅದೇ ಡೂಮ್ ಡೂಮ್. ಅದೊಂದು ಸ್ವಲ್ಪ ಸರಿದರೆ ಸಾಕು, ಮೇಲಿನ ನಾಲ್ಕೂ ದನಿಗಳ ಬಣ್ಣವೇ ಬದಲಾಗುತ್ತಿತ್ತು. ಕಣ್ಣು ತುಂಬಿ ಬಂತು. ಯಾರೂ ನೋಡದಿರಲೆಂದು ನೋಟಿಸ್ ಬೋರ್ಡಿನಲ್ಲಿದ್ದ ಬಸ್ಸಿನ ವೇಳಾಪಟ್ಟಿಯನ್ನು ಎರಡು ಸಲ ಓದಿದೆ. ಹೊರಬಂದ ಸಂಗೀತದ ಕ್ಯಾಥರಿನ್ ಟೀಚರ್ ಹೇಳಿದರು: “ನಿಮ್ಮ ಮಗಳ ದನಿ ಹಿಡ್ಕೊಂಡೇ ಉಳಿದವರು ಹಾಡೋದು ಲೋಕನಾಥರೇ. ಅವಳು ಜಾರಿದ್ರೆ ಎಲ್ರೂ ಜಾರ್ತಾರೆ.”

ಆಮೇಲೆ ನಾನು ಲೊರೈನ್‌ಳ ಪಾಲಿನ ರಾಗವನ್ನು ಫೋನಿನಲ್ಲಿ ಕೇಳಿ ಕೇಳಿ ಕಲಿತೆ. ಅಡುಗೆಮನೆಯಲ್ಲಿ ನಾನು ಮೇಲಿನದನ್ನು ಹಾಡುವುದು, ಅವಳು ಕೆಳಗಿನದನ್ನು. “ಪಪ್ಪಾ, ಯು ಆರ್ ಸೋ ಫ್ಲ್ಯಾಟ್!” ಎಂದು, ನನ್ನ ಶ್ರುತಿ ಇಳಿದದ್ದಕ್ಕೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ಇದಕ್ಕೆ ತಮ್ಮ ವಾರ್ಷಿಕ ವರದಿಯಲ್ಲಿ ಯಾವ ಕಾಲಂ ಇದೆಯೋ ನನಗೆ ತಿಳಿಯದು.

ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ತಾವು ರಿಹರ್ಸಲ್ ನೋಡಲು ಬಂದಿರಿ. ತೃಷಾಳ ಎದುರಿಗೇ ಅಂದಿರಂತೆ: “ಸ್ಟೇಜಲ್ಲಿ ನಾಲ್ಕೇ ಮೈಕ್ ಇರೋದು. ಈ ಹುಡುಗಿ ಹೇಗೂ ಡೂಮ್ ಡೂಮ್ ಅಂತಾಳೆ ಅಷ್ಟೆ. ಇಲ್ಲದಿದ್ರೆ ಯಾರಿಗೂ ಗೊತ್ತಾಗಲ್ಲ.” ಒಂದೇ ಮೈಕಿನ ಸುತ್ತ ಐವರೂ ನಿಲ್ಲಬಹುದು ಎಂದು ಟೀಚರ್ ಬೇಡಿಕೊಂಡರು. ಗುಂಪುಗೂಡಿ ನಿಂತರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಿರಿ. ಸರಿಯೇ. ಹಾಡು ಇರುವುದು ಫೋಟೋ ತೆಗೆಯಲಿಕ್ಕೆ ಎಂಬುದು ನಮ್ಮಂಥ ಪಾಮರರಿಗೆ ಹೇಗೆ ಹೊಳೆಯಬೇಕು?

ಕಾರ್ಯಕ್ರಮದ ದಿನ ನಾವಿಬ್ಬರೂ ಹದಿನಾಲ್ಕನೆಯ ಸಾಲಿನಲ್ಲಿ ಕೂತಿದ್ದೆವು. “ಬೇಡ ಮಗಾ, ಹೋಗುವುದು ಬೇಡ” ಎಂದರೂ ಅವಳು ಕೇಳಿರಲಿಲ್ಲ. ನಾಲ್ವರು ಚೆನ್ನಾಗಿಯೇ ಶುರು ಮಾಡಿದರು. ಎರಡನೆಯ ಚರಣಕ್ಕೆ ಬರುವಾಗ ಶ್ರುತಿ ಇಳಿಯತೊಡಗಿತು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಆಗ ನನ್ನ ಪಕ್ಕದಲ್ಲಿ ತೃಷಾ, ಕೈಗಳನ್ನು ತೊಡೆಯ ಮೇಲೆ ಬಿಗಿಹಿಡಿದು, ತನ್ನ ಪಾಲನ್ನು ಹಾಡಲು ಶುರುಮಾಡಿದಳು. ಮೆಲ್ಲಗೆ, ಒಂದಿಷ್ಟೂ ತಪ್ಪದೆ. ಮುಂದಿನ ಸಾಲಿನ ಹೆಂಗಸು ತಿರುಗಿ “ಶ್!” ಎಂದರು. ಅವಳು ನಿಲ್ಲಿಸಿದಳು. ವೇದಿಕೆಯ ಮೇಲೆ ಲೊರೈನ್ ಕೂಡ ನಿಲ್ಲಿಸಿದಳು. ಸಭೆಯಲ್ಲಿ ನಗು ಎದ್ದಿತು.

ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ಅವಳು ಹೇಳಿದ್ದು ಇಷ್ಟೇ: “ಶಿ ವಾಸ್ ರೈಟ್, ಪಪ್ಪಾ. ನಂದು ಯಾರಿಗೂ ಕೇಳಿಸಲ್ಲ.”

ಅಭ್ಯಾಸದ ಆ ಮಂಗಳವಾರದ ಗಂಟೆ ಈಗ ಗಣಿತದ ಕೋಚಿಂಗಿಗೆ ಹೋಗಿದೆ. ಲೊರೈನ್ ನನಗೇ ಫೋನ್ ಮಾಡಿ, “ಅಂಕಲ್, ತೃಷಾ ಯಾಕೆ ನನ್ನ ಕಾಲ್ ತೆಗೀತಿಲ್ಲ?” ಎಂದು ಅಳುತ್ತಾಳೆ. ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಮಾತ್ರ ಇದೆ. ಮೊನ್ನೆ ನಾನೊಬ್ಬನೇ ಮೇಲಿನ ರಾಗ ಹಾಡಿ ನೋಡಿದೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಗಂಟೆಯನ್ನು ಹುಡುಗಿಯರಿಗೆ ಹಿಂದಿರುಗಿಸಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅವಳನ್ನು ನಿಮ್ಮ ಕೊಠಡಿಗೆ ಕರೆದು, ಕೂರಿಸಿ, ಆ ಹಾಡು ಬಿದ್ದದ್ದು ಅವಳಿಲ್ಲದ್ದರಿಂದ ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ನಿಮ್ಮ ಮಾತನ್ನು ಅವಳು ಎಷ್ಟು ನಂಬುತ್ತಾಳೆಂಬುದನ್ನು ನಾನು ದಿನಾ ನೋಡುತ್ತಿದ್ದೇನೆ.

ಇಂತಿ,
ತಡವಾಗಿ ಕಿವಿ ಬಂದ ಒಬ್ಬ ಅಪ್ಪ,
ಲೋಕನಾಥ
ಅಬು ಹಲೀಫಾ, ಕುವೈತ್