ಎರಡು ಕಾರ್ಡಿನ ಕ್ಯಾಮೆರಾ

ಮಾರ್ಚ್ ೧೧, ಮಂಗಳವಾರ

ಒಂದು ಕಾಲಕ್ಕೆ ನಮ್ಮ ಸ್ಟುಡಿಯೊದ ಆಲ್ಬಂ ಖಾತೆ ಸಚಿವೆಯೂ, ಕಾಗದಪತ್ರದ ಲೆಕ್ಕದಲ್ಲಿ ಇನ್ನೂ ನನ್ನ ಹೆಂಡತಿಯೂ ಆಗಿರುವ ನಿನಗೆ,

ಆರು ತಿಂಗಳ ಮೌನ ಮುರಿದು ಎರಡೇ ಪ್ರಶ್ನೆ ಕೇಳಿದ್ದೀಯ. ಸ್ವಂತ ಸ್ಟುಡಿಯೊ ಇಡುತ್ತಿದ್ದೇನೆ, ಹತ್ತು ವರ್ಷ ಬಾಳುವ ಕ್ಯಾಮೆರಾ ಯಾವುದು? ನಮ್ಮ ಚಿಟಕಿಯ ಕೊನೆಯ ಹುಟ್ಟುಹಬ್ಬದ ಫೋಟೊ ಯಾವಾಗ ಕಳಿಸುತ್ತೀಯ? ಮೊದಲನೆಯದು ಸಲೀಸು. ಅದಕ್ಕೇ ಅದನ್ನು ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೋ.

ಕ್ಯಾಮೆರಾ ನಾಲ್ಕೈದು ವರ್ಷಕ್ಕೆ ಮುದಿಯಾಗುತ್ತದೆ, ಲೆನ್ಸು ಇಪ್ಪತ್ತು ವರ್ಷ ಗಟ್ಟಿ. ಹಾಗಾಗಿ ಮೊದಲು ಲೆನ್ಸು ನೋಡು, ಆಮೇಲೆ ಅದಕ್ಕೊಪ್ಪುವ ಕ್ಯಾಮೆರಾ. ಒಂದು ಕಂಪನಿಯ ಲೆನ್ಸು ಇನ್ನೊಂದರ ಕ್ಯಾಮೆರಾಕ್ಕೆ ಕೂರುವುದಿಲ್ಲ, ಸೇರಿದ ಮನೆಯಲ್ಲೇ ಬಾಳಬೇಕು. ಈ ವಿಷಯದಲ್ಲಿ ನಾನು ನಿನಗೆ ಬುದ್ಧಿ ಹೇಳುವುದು ನಗೆಪಾಟಲೇ, ಬಿಡು. ಅಂಗಡಿಯವನು ಮೆಗಾಪಿಕ್ಸೆಲ್ ಪುರಾಣ ಬಿಚ್ಚುತ್ತಾನೆ. ಮದುಮಗಳ ಮೂಗಿನ ಕೂದಲು ಎಣಿಸುವ ಇರಾದೆ ನನಗಿಲ್ಲಪ್ಪಾ ಅಂದುಬಿಡು. ಕೊಳ್ಳುವ ಮುಂಚೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಿಲ್ಲು. ನನ್ನದನ್ನು ಎತ್ತಿದಾಗಲೆಲ್ಲ ಇಟ್ಟಿಗೆ ಎಂದು ಶಪಿಸುತ್ತಿದ್ದವಳು ನೀನು.

ಇಷ್ಟೂ ಮರೆತರೂ ಪರವಾಗಿಲ್ಲ, ಎರಡು ಮೆಮೊರಿ ಕಾರ್ಡು ಹಾಕಲು ಬರುವುದನ್ನೇ ತಗೊ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಇರುತ್ತದೆ. ನನ್ನದರಲ್ಲಿ ಜಾಗ ಒಂದಕ್ಕೇ.

ಇನ್ನು ಎರಡನೆಯ ಪ್ರಶ್ನೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹುಡುಕುತ್ತಿದ್ದೇನೆ ಎಂದು ನಿನ್ನ ತಮ್ಮನ ಕೈಲಿ ಹೇಳಿ ಕಳಿಸಿದ್ದೆನಲ್ಲ, ಅದು ಸುಳ್ಳು. ಆ ಫೋಟೊಗಳು ಇಲ್ಲ.

ಹುಟ್ಟುಹಬ್ಬವಾಗಿ ಒಂಬತ್ತನೇ ದಿನ ಜ್ವರ ಅವಳನ್ನು ಒಯ್ದಿತು. ತಿಂಗಳಾದ ಮೇಲೆ, ಮೊದಲೇ ಒಪ್ಪಿಕೊಂಡಿದ್ದ ಮದುವೆಯೊಂದಕ್ಕೆ ಹೋದೆ. ನನ್ನ ಅಭ್ಯಾಸ ನಿನಗೆ ಗೊತ್ತು, ಕೆಲಸ ಶುರುವಾಗುವ ಮುನ್ನ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು, ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಹಾಗೆ. ಎಲ್ಲ ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಹೆಣ್ಣಿನ ಅಣ್ಣ, ಬೇಗ ಬನ್ನಿ ಸಾರ್, ಎಲ್ಲರೂ ನಿಮಗೇ ಕಾಯ್ತಿದ್ದಾರೆ ಎಂದು ತೋಳು ಜಗ್ಗುತ್ತಿದ್ದ. ಹೂಂ ಎಂದು ಒತ್ತಿದೆ. ಅದರ ಮೇಲೆ ಒಂಬೈನೂರು ಚಿತ್ರ ತೆಗೆದೆ. ಊಟದ ಹೊತ್ತಿಗೆ, ಎಲೆಕ್ಕೋಸಿನ ಪಲ್ಯ ಬಾಯಲ್ಲಿರುವಾಗ, ನೆನಪಾಯಿತು.

ಅಳಿಸಿದ್ದನ್ನು ಮರಳಿ ತೆಗೆದುಕೊಡುವವನೊಬ್ಬ ಕಾರ್ಡನ್ನು ವಾರಗಟ್ಟಲೆ ಇಟ್ಟುಕೊಂಡ. ಕೊನೆಗೆ, ಹಳೇದೇನೂ ಉಳಿದಿಲ್ಲ ಸಾರ್, ಆದರೆ ಮದುಮಕ್ಕಳು ಬಹಳ ಚೆನ್ನಾಗಿ ಬಂದಿದ್ದಾರೆ ಎಂದು ಸಮಾಧಾನ ಹೇಳಿದ.

ಉತ್ತರ ಬರೆದರೆ ಬೈದೇ ಬರೆ. ಅರ್ಧಕ್ಕೆ ನಿಲ್ಲಿಸಬೇಡ.

ಇಂತಿ,
ಚಿಟಕಿಯ ಅಪ್ಪ

ತಾ.ಕ.: ಗಡಿಬಿಡಿಯಲ್ಲಿ ಆಯಿತು ಎಂಬ ಧಾಟಿಯಲ್ಲಿ ಬರೆದಿದ್ದೇನೆ. ಗಡಿಬಿಡಿ ಒಂದು ನಿಮಿಷದ್ದು, ಕಾರ್ಡು ಕ್ಯಾಮೆರಾದಲ್ಲಿ ಇದ್ದದ್ದು ಒಂದು ತಿಂಗಳು. ದಿನಾ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಕಾರ್ಡು ಹಾಕಿದರೆ ಅವಳ ಮುಖ ಸಾಲುಸಾಲಾಗಿ ಬರುತ್ತದಲ್ಲ, ನಾಳೆ ನೋಡೋಣ ಎಂದು ಎದ್ದುಬಿಡುತ್ತಿದ್ದೆ. ಆಗ ನೀನಿನ್ನೂ ಪಕ್ಕದ ಕೋಣೆಯಲ್ಲೇ ಇದ್ದೆ. ಒಂದು ಸಲ ಕೂಗಿದ್ದರೆ ನೀನು ಬಂದು ಪ್ರತಿ ಮಾಡಿಕೊಡುತ್ತಿದ್ದೆ. ನಾನು ಕೂಗಲಿಲ್ಲ.