ಎತ್ತಿ ಹಿಡಿದ ತೋಳು

4 ಆಗಸ್ಟ್ 2003, ಸೋಮವಾರ

ಜೂಡೋ ಕ್ಲಾಸಲ್ಲಿ ಲಾಸ್ಯ ಜೊತೆ ನಲವತ್ತು ಥ್ರೋ. ಇಪ್ಪತ್ತು ಅವಳದು, ಇಪ್ಪತ್ತು ನನ್ನದು. ಮೂರು ವರ್ಷದಿಂದ ಇದೇ. ಬೀಳುವವಳು ಮೈ ಬಿಗಿ ಹಿಡಿಯಬಾರದು. ಎಸೆಯುವವಳು ಕೊನೇ ಕ್ಷಣದಲ್ಲಿ ತೋಳು ಹಿಡಿದು ಮೇಲಕ್ಕೆಳೆಯಬೇಕು, ಆಗ ಪೆಟ್ಟಾಗಲ್ಲ. ದೇವಯ್ಯ ಸರ್ ಎಲ್ಲರಿಗೂ ಹೇಳಿಕೊಟ್ಟಿದ್ದಾರೆ. ಲಾಸ್ಯ ಥರ ಜೋಪಾನ ಯಾರೂ ಮಾಡಲ್ಲ. ಅದು ನನಗಾಗಿಯೇ ಅನ್ಸುತ್ತೆ.

6 ಆಗಸ್ಟ್, ಬುಧವಾರ

ಹೊಸ ಹುಡುಗಿ. ಸಿಂಚನ. ಚಾಮರಾಜಪುರಂನವಳು.

“ಲಾಸ್ಯ, ಸ್ಟೇಟ್ ಮೀಟ್ ತನಕ ಇವಳ ಜೊತೆ ಮಾಡಮ್ಮ. ನಿನಗೆ ಇವಳ ತೂಕಾನೇ ಸರಿ” ಅಂದ್ರು ಸರ್. ಇಷ್ಟು ದಿನ ನನ್ನ ತೂಕಕ್ಕೇನಾಗಿತ್ತು?

ಗೋಡೆ ಪಕ್ಕ ಕೂತು ನೋಡಿದೆ. ಪ್ರತಿ ಸಲವೂ ಲಾಸ್ಯ ಅವಳ ತೋಳನ್ನೂ ಹಾಗೇ ಎತ್ತಿ ಹಿಡಿದಳು. ಅಷ್ಟೇ ಜೋಪಾನ. ಹೊಟ್ಟೆ ಉರೀತು. ಸುಳ್ಳು ಯಾಕೆ ಬರೀಲಿ.

8 ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ

ಕುಂಕುಮಕ್ಕೆ ಲಕ್ಷ್ಮೀಪುರಂಗೆ, ಲಾಸ್ಯ ಮನೆಗೆ ಹೋದೆ. ಸಿಂಚನ ಆಗಲೇ ಅಲ್ಲಿ — ಅಡುಗೆಮನೆಯಲ್ಲೇ ಕೂತು ಒಬ್ಬಟ್ಟು ತಿನ್ತಿದ್ದಾಳೆ!

“ಬಾ ಐಶ್ವರ್ಯ, ನಿಮ್ಮ ಹೊಸ ಫ್ರೆಂಡೂ ಬಂದವ್ಳೆ ಕಣಮ್ಮ” ಅಂದ್ರು ಲಾಸ್ಯ ಅಮ್ಮ.

ನಿಮ್ಮ ಫ್ರೆಂಡಂತೆ. ಒಬ್ಬಟ್ಟು ಅರ್ಧಕ್ಕೇ ಬಿಟ್ಟು ಬಂದೆ.

11 ಆಗಸ್ಟ್, ಸೋಮವಾರ

ಲಾಸ್ಯಗೆ ಸುಸ್ತು, ಗೋಡೆ ಪಕ್ಕ ಕೂತಿದ್ದಳು. ಸರ್ ನನ್ನನ್ನ ಸಿಂಚನ ಜೊತೆ ನಿಲ್ಲಿಸಿದರು.

“ಜೋರಾಗೇ ಎಸೀರಿ ಅಕ್ಕ, ನಾನು ಬೀಳ್ತೀನಿ” ಅಂದ್ಲು. ನಗ್ತಾ.

ಏಳನೇ ಥ್ರೋ. ಅವಳ ತೋಳು ನನ್ನ ಕೈಯಲ್ಲೇ ಇತ್ತು. ಭುಜ ಮ್ಯಾಟಿಗೆ ಬಡೀತು. ಕಿರುಚಿದಳು.

ಕೈ ಜಾರಿತು ಅಂತ ಬರೆಯೋಕೆ ಕೂತೆ. ಜಾರಲಿಲ್ಲ. ಬಿಟ್ಟೆ.

“ನಾನೇ ತಪ್ಪಾಗಿ ಬಿದ್ದೆ ಸರ್” ಅಂದ್ಲು ಅವಳು. ಲಾಸ್ಯ ನನ್ನ ಕೈಯನ್ನೇ ನೋಡ್ತಿದ್ದಳು.

25 ಆಗಸ್ಟ್, ಸೋಮವಾರ

ಎರಡು ವಾರ ಆದ ಮೇಲೆ ಕ್ಲಾಸಿಗೆ ಹೋದೆ. ಸಿಂಚನ ಕಾಲರ್ ಬೋನ್ ಮುರಿದಿದೆಯಂತೆ. ಮೀಟ್‌ಗೆ ಇನ್ನು ಹತ್ತೇ ದಿನ. ಲಾಸ್ಯಗೆ ಜೋಡಿ ಬೇರೆ ಯಾರೂ ಇಲ್ಲ.

“ಬಾ” ಅಂದ್ಲು. ಅಷ್ಟೇ.

ಇದನ್ನೇ ತಾನೇ ಬೇಡಿಕೊಂಡಿದ್ದು ನಾನು? ಒಂದನೇ ಥ್ರೋಗೇ ತೋಳು ಬಿಡ್ತಾಳೆ ಅನ್ಕೊಂಡೆ. ಬಿಡಲಿ ಅನ್ಕೊಂಡೆ. ಬಿಡಲಿಲ್ಲ. ಇಪ್ಪತ್ತು ಸಲವೂ ಎತ್ತಿ ಹಿಡಿದಳು, ಮೊದಲಿನಷ್ಟೇ ಜೋಪಾನವಾಗಿ. ಮುಖ ಮಾತ್ರ ನೋಡಲಿಲ್ಲ.

ಕೊನೇದು ಮುಗಿದರೂ ನನ್ನ ತೋಳು ಬಿಡದೆ ಮೆತ್ತಗೆ ಕೇಳಿದಳು — “ಅವತ್ತು ಕೈ ಜಾರ್ತೇನೇ?”

ಹೂಂ ಅಂದಿದ್ರೆ ಮುಗೀತಿತ್ತು. ನಂಬೋಕೆ ಅವಳು ರೆಡಿ ಇದ್ದಳು. ನಾನು ಮ್ಯಾಟ್ ಮೇಲೆ ಬಿದ್ದುಕೊಂಡೇ ಅವಳ ಮುಖ ನೋಡಿ “ಜಾರಲಿಲ್ಲ ಕಣೇ. ಬಿಟ್ಟೆ” ಅಂದೆ.