ಪೊರಕೆ ಹಿಡಿಸುವ ಅಣು

ಅಮ್ಮಾ,

ಇವತ್ತು ಲ್ಯಾಬಿನಲ್ಲಿ ಕುಣಿದುಬಿಟ್ಟೆ! ನಿನಗೇ ಮೊದಲು ಹೇಳುತ್ತಿದ್ದೇನೆ.

ಉರಿಯೂತವನ್ನು ತಣಿಸುವ ಒಂದು ಅಣು ನಮ್ಮ ದೇಹದಲ್ಲೇ ತಯಾರಾಗುತ್ತದೆ. ಅದನ್ನು ಹೆಚ್ಚಿಗೆ ಕೊಟ್ಟರೆ ಬಿಳಿ ರಕ್ತಕಣಗಳು ಸೋಮಾರಿಗಳಾಗುತ್ತವೆ, ಬ್ಯಾಕ್ಟೀರಿಯಾಗಳಿಗೆ ಹೇಳುವವರು ಕೇಳುವವರು ಇರುವುದಿಲ್ಲ ಎಂದೇ ನಾನು ವಾದಿಸುತ್ತಿದ್ದೆ. ಮಧ್ಯಾಹ್ನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ತಲೆಕೆಳಗು! ಅಣು ಬೆರೆಸದ ತಟ್ಟೆಯಲ್ಲಿ ಬಿಳಿ ಕಣಗಳದ್ದು ಬರೀ ರಂಪ. ಬೆರೆಸಿದ ತಟ್ಟೆಯಲ್ಲಿ ಕಣಗಳು ಕೂಗಾಟ ನಿಲ್ಲಿಸಿ ಬ್ಯಾಕ್ಟೀರಿಯಾಗಳನ್ನು ಗಬಗಬನೆ ನುಂಗುತ್ತಿದ್ದವು, ಸತ್ತ ಜೊತೆಗಾರರನ್ನೂ ತೆಗೆದು ಚೊಕ್ಕ ಮಾಡುತ್ತಿದ್ದವು.

"ಏನೇ ಇದು, ಯಾವ ಮಂತ್ರ ಹಾಕ್ದೆ?" ಎಂದಳು ಪಕ್ಕದ ಮೇಜಿನವಳು.

"ನಮ್ಮಮ್ಮನ ಪೊರಕೆ ಕಣೇ," ಎಂದೆ.

ನಾನೂ ತಮ್ಮನೂ ಜುಟ್ಟು ಹಿಡಿದು ಹೊಡೆದಾಡಿದರೆ ನೀನು ಬೈಯುತ್ತಿರಲಿಲ್ಲ. ಇಬ್ಬರ ಕೈಗೂ ಒಂದೊಂದು ಪೊರಕೆ ಕೊಟ್ಟು, "ಕಿರುಚಿದ್ದು ಸಾಕು, ಗುಡಿಸಿ ಇಬ್ರೂ" ಅನ್ನುತ್ತಿದ್ದೆ. ಜಗಳವೂ ಹೋಗುತ್ತಿತ್ತು, ಕಸವೂ ಹೋಗುತ್ತಿತ್ತು.

ಇನ್ನು ಇಲಿಗಳಲ್ಲಿ ನೋಡಬೇಕು, ಆಮೇಲೆ ಮನುಷ್ಯರಲ್ಲಿ. ದಾರಿ ದೂರವಿದೆ.

ಸೋಂಕು ರಕ್ತಕ್ಕೇರಿದಾಗ ಊದಿಕೊಂಡ ನಿನ್ನ ಬೆರಳಿನಿಂದ ನರ್ಸ್ ಕತ್ತರಿಸಿ ತೆಗೆದ ಉಂಗುರ ನೀನು ಹೋದಾಗಿನಿಂದ ನನ್ನ ಡ್ರಾಯರಿನಲ್ಲೇ ಇತ್ತು. ಇವತ್ತು ಮನೆಗೆ ಹೊರಡುವಾಗ ಹಾಕಿಕೊಂಡೆ. ಕತ್ತರಿಸಿದ ಸಂದು ಇರುವುದರಿಂದ ನನ್ನ ದಪ್ಪ ಬೆರಳಿಗೂ ಸರಿಹೋಯಿತು.